ಬೈಕಿನ ಗ್ರಿಪ್ ಬದಲಿಸುವಾಗ: ಕೈ ಜೋಮು ಹಿಡಿಯದಂಥದ್ದನ್ನು ಆರಿಸಿ ಕೂರಿಸುವ ಬಗೆ

ಗ್ರಿಪ್ ಕೊಳ್ಳಲು ಹೋದವರು ಮೊದಲು ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಕೈಗೆ ಹಿತ ಎಂದುಕೊಂಡು ತಂದುಬಿಡುತ್ತಾರೆ. ಹತ್ತು ನಿಮಿಷದ ಓಡಾಟಕ್ಕೆ ಅದು ಹಿತವೇ. ಎರಡು ಗಂಟೆ ಒಂದೇ ಸಮನೆ ಓಡಿಸುವಾಗ ಮಾತ್ರ ಕೈ ಉಳಿಯುವುದೂ ಸೋಲುವುದೂ ಗ್ರಿಪ್ಪಿನ ದಪ್ಪದ ಮೇಲೆ ನಿಂತಿರುತ್ತದೆ. ದಪ್ಪ ಅಂಗೈಗೆ ಹೊಂದಿದ್ದರೆ ಸಾದಾ ರಬ್ಬರ್ ಗ್ರಿಪ್ಪೇ ಸಾಕು. ಹೊಂದದಿದ್ದರೆ ಎಷ್ಟು ದುಬಾರಿ ಜೆಲ್ ಗ್ರಿಪ್ ಹಾಕಿದರೂ ಬೆರಳು ಬಿಗಿದುಕೊಳ್ಳುತ್ತವೆ. ಹಾಗಾಗಿ ಮೊದಲು ದಪ್ಪ ನೋಡಿ, ಆಮೇಲೆ ಮೆದು, ಅಂದ ಕೊನೆಗಿರಲಿ.

ನೋವು ಎಲ್ಲಿದೆ ಎಂದು ಮೊದಲು ಗುರುತಿಸಿ

ಎಲ್ಲ ಕೈನೋವೂ ಗ್ರಿಪ್ಪಿನಿಂದ ಬರುವುದಿಲ್ಲ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯ ಹೊರಅಂಚಿನ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಒತ್ತಡ ಬೀಳುತ್ತಿರಬಹುದು. ಮೈಭಾರವನ್ನೆಲ್ಲ ಕೈಮೇಲೆ ಬಿಟ್ಟು ಕೂತವರಿಗೆ, ಹ್ಯಾಂಡಲ್ ತೀರಾ ತಗ್ಗಿರುವ ಬೈಕ್ ಓಡಿಸುವವರಿಗೆ ಇದು ಹೆಚ್ಚು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟು ಬಾಗಿದ ಸ್ಥಿತಿಯಲ್ಲೇ ಉಳಿದು ಮೀಡಿಯನ್ ನರ ಒತ್ತಿಕೊಳ್ಳುತ್ತಿರುವ ಸಾಧ್ಯತೆ ಇದೆ. ಇಲ್ಲಿ ಗ್ರಿಪ್ಪಿಗಿಂತ ಲಿವರ್ (ಬೆರಳಿನಿಂದ ಒತ್ತುವ ಕ್ಲಚ್, ಬ್ರೇಕ್ ಹಿಡಿ) ಕೋನದ ಪಾತ್ರ ದೊಡ್ಡದು. ಐದೂ ಬೆರಳು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಝುಮ್ಮೆನ್ನುತ್ತಿದ್ದರೆ ಅದು ಎಂಜಿನ್ ಕಂಪನ. ಮುಂಗೈ ಸ್ನಾಯು ಕಲ್ಲಿನಂತೆ ಗಟ್ಟಿಯಾಗುತ್ತಿದ್ದರೆ ಗ್ರಿಪ್ ತೀರಾ ಸಣ್ಣ ಅಥವಾ ತೀರಾ ದಪ್ಪ. ಹೆಬ್ಬೆರಳ ಸಂದಿಯಲ್ಲಿ ಗುಳ್ಳೆ ಎದ್ದರೆ ಗ್ರಿಪ್ಪಿನ ಮೇಲಿನ ಕೊರೆತ ಚೂಪಾಗಿದೆ, ಇಲ್ಲವೇ ಗ್ರಿಪ್ ಸಡಿಲವಾಗಿ ತಿರುಗುತ್ತಿದೆ. ಬೈಕಿನಿಂದ ಇಳಿದು ಒಂದು ದಿನ ಕಳೆದರೂ ಜೋಮು ಬಿಡದಿದ್ದರೆ ಗ್ರಿಪ್ ಹುಡುಕುವುದನ್ನು ಬಿಟ್ಟು ವೈದ್ಯರಿಗೆ ತೋರಿಸಿ.

ಲಿವರ್ ಕೋನ ಸರಿಮಾಡಲು ಖರ್ಚಿಲ್ಲ, ಆದ್ದರಿಂದ ಮೊದಲು ಅದನ್ನೇ ಮುಗಿಸಿಕೊಳ್ಳಿ. ಓಡಿಸುವಾಗ ಕೂರುವ ಹಾಗೆಯೇ ಕೂತು, ಬೆರಳುಗಳನ್ನು ನೇರ ಚಾಚಿ ಕ್ಲಚ್ ಲಿವರ್ ಮೇಲಿಡಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಎಳೆದಂತಿರಬೇಕು. ಮಣಿಕಟ್ಟು ಮೇಲಕ್ಕೆ ಮಡಿಚಿಕೊಂಡರೆ ಲಿವರ್ ಎತ್ತರಕ್ಕಿದೆ, ಕೆಳಕ್ಕೆ ಜೋತರೆ ತಗ್ಗಿದೆ. ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ ತಿರುಗಿಸಿ ಮತ್ತೆ ಬಿಗಿ ಮಾಡಿ. ಬಲಗಡೆ ಡಿಸ್ಕ್ ಬ್ರೇಕ್ ಇದ್ದರೆ ಆಯಿಲ್ ಡಬ್ಬಿ ಹೆಚ್ಚು ವಾಲದಂತೆ ನೋಡಿಕೊಳ್ಳಿ. ಕಂಪನ ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರೆ ಹ್ಯಾಂಡಲ್ ಕ್ಲ್ಯಾಂಪ್, ಎಂಜಿನ್ ಮೌಂಟಿಂಗ್ ಬೋಲ್ಟ್, ಚೈನ್ ಇವುಗಳನ್ನು ಒಮ್ಮೆ ನೋಡಿ. ಸಡಿಲ ಬೋಲ್ಟನ್ನು ಮೆತ್ತನೆ ರಬ್ಬರಿನಿಂದ ಮುಚ್ಚಿಟ್ಟರೆ ತೊಂದರೆ ಒಳಗೇ ಬೆಳೆಯುತ್ತದೆ.

ಅಳತೆ

ಬಹುತೇಕ ಬೈಕ್‌ಗಳ ಹ್ಯಾಂಡಲ್ ಪೈಪು ಗ್ರಿಪ್ ಕೂರುವ ಜಾಗದಲ್ಲಿ 22 ಮಿ.ಮೀ. (ಮುಕ್ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು, ಲೆಕ್ಕದಲ್ಲಿ 7/8 ಇಂಚು). ಹಾರ್ಲೆ ಡೇವಿಡ್ಸನ್ ಮತ್ತು ಕೆಲವು ಕ್ರೂಸರ್‌ಗಳಲ್ಲಿ ಒಂದು ಇಂಚು, ಅಂದರೆ 25.4 ಮಿ.ಮೀ. ಕೆಲವು ಬೈಕ್‌ಗಳ ಹ್ಯಾಂಡಲ್ ನಡುವೆ 28.6 ಮಿ.ಮೀ. ದಪ್ಪ ಇರುತ್ತದೆ. ಅದನ್ನು ಕಂಡು ಗಾಬರಿಯಾಗಿ ದೊಡ್ಡ ಗ್ರಿಪ್ ತರಬೇಡಿ, ತುದಿಗೆ ಬರುವಷ್ಟರಲ್ಲಿ ಅದೂ 22ಕ್ಕೆ ಇಳಿದಿರುತ್ತದೆ.

ಎಡ ಬಲ ಗ್ರಿಪ್ ಒಂದೇ ಅಲ್ಲ. ಎಡಗಡೆಯದು ನೇರವಾಗಿ ಪೈಪಿನ ಮೇಲೆ ಕೂರುತ್ತದೆ. ಬಲಗಡೆಯದು ಪೈಪಿನ ಮೇಲೆ ತಿರುಗುವ ಪ್ಲಾಸ್ಟಿಕ್ ಥ್ರಾಟಲ್ (ಆಕ್ಸಿಲರೇಟರ್) ಟ್ಯೂಬ್ ಮೇಲೆ ಕೂರುತ್ತದೆ. ಆದ್ದರಿಂದ 22 ಮಿ.ಮೀ. ಹ್ಯಾಂಡಲ್‌ಗೆ ಬಲ ಗ್ರಿಪ್ಪಿನ ತೂತು ಸುಮಾರು 25 ಮಿ.ಮೀ. ಇರುತ್ತದೆ. ಎರಡನ್ನೂ ಅದಲು ಬದಲು ಮಾಡಿದರೆ ಒಂದು ಹತ್ತುವುದೇ ಇಲ್ಲ, ಇನ್ನೊಂದು ಸಡಿಲವಾಗಿ ಸುತ್ತುತ್ತದೆ. ಕೆಲವು ಬೈಕ್‌ಗಳಲ್ಲಿ ಬಲ ಗ್ರಿಪ್ಪನ್ನು ಟ್ಯೂಬಿನ ಮೇಲೇ ಅಚ್ಚು ಹಾಕಿ ಒಂದಾಗಿಸಿರುತ್ತಾರೆ. ಅಲ್ಲಿ ಹೊಸ ಥ್ರಾಟಲ್ ಟ್ಯೂಬ್ ಕೂಡ ಬೇಕಾಗಬಹುದು. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಆ ಮಾಡೆಲ್‌ಗೇ ಹೊಂದುವ ಗ್ರಿಪ್ ಎಂದು ಕೇಳಿ ತನ್ನಿ.

ಉದ್ದವನ್ನು ಸ್ವಿಚ್ ಪೆಟ್ಟಿಗೆಯ ಅಂಚಿನಿಂದ ಪೈಪಿನ ತುದಿಯವರೆಗೆ ಅಳೆಯಿರಿ. ಸಾಮಾನ್ಯವಾಗಿ 115ರಿಂದ 130 ಮಿ.ಮೀ. ಒಳಗೆ ಬರುತ್ತದೆ. ಬಾರ್ ಎಂಡ್ ವೆಯ್ಟ್ (ಪೈಪಿನ ತುದಿಗೆ ಸ್ಕ್ರೂ ಹಾಕಿ ಕೂರಿಸಿದ ಲೋಹದ ತುಂಡು) ಇದ್ದರೆ ತುದಿ ತೆರೆದ ಗ್ರಿಪ್ಪೇ ಬೇಕು. ಆ ತೂಕದ ತುಂಡನ್ನು ಅಲಂಕಾರ ಎಂದುಕೊಂಡು ಬಿಚ್ಚಿ ಎಸೆಯುವವರಿದ್ದಾರೆ. ಪೈಪಿನ ತುದಿ ಎಷ್ಟು ಹಗುರವೋ ಅಷ್ಟು ಜೋರಾಗಿ ನಡುಗುತ್ತದೆ. ಭಾರ ಇದ್ದರೆ ಆ ನಡುಕ ಕುಗ್ಗುತ್ತದೆ, ಅದು ಕಾಣಿಸಿಕೊಳ್ಳುವ ಎಂಜಿನ್ ವೇಗವೂ ಬದಲಾಗುತ್ತದೆ. ಐದೂ ಬೆರಳು ಝುಮ್ಮೆನ್ನುವವರಿಗೆ ಗ್ರಿಪ್ ಬದಲಿಸುವುದಕ್ಕಿಂತ ಭಾರದ ಬಾರ್ ಎಂಡ್ ಹಾಕುವುದರಿಂದ ಎಷ್ಟೋ ಸಲ ಹೆಚ್ಚು ಉಪಯೋಗವಾಗುತ್ತದೆ.

ದಪ್ಪ ಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ತಿಳಿಯುವುದು

ಗ್ರಿಪ್ಪಿನ ಹೊರ ದಪ್ಪ ಸಾಮಾನ್ಯವಾಗಿ 30ರಿಂದ 34 ಮಿ.ಮೀ. ನಡುವೆ ಇರುತ್ತದೆ. ಓಡಿಸುವಾಗ ಹಾಕುವ ಗ್ಲೌಸ್ ಹಾಕಿಕೊಂಡು ಗ್ರಿಪ್ಪನ್ನು ಸುತ್ತಿ ಹಿಡಿಯಿರಿ. ನಡುಬೆರಳ ತುದಿ ಹೆಬ್ಬೆರಳ ಬುಡದ ಉಬ್ಬಿನ ಹತ್ತಿರ ಬಂದು, ತಾಗಿಯೂ ತಾಗದಂತೆ ನಿಂತರೆ ದಪ್ಪ ಸರಿ. ಉಗುರು ಅಂಗೈಗೆ ಒತ್ತುತ್ತಿದ್ದರೆ ಗ್ರಿಪ್ ಸಣ್ಣದಾಯಿತು: ಅಂಥದ್ದನ್ನು ಜಾರದಂತೆ ಹಿಡಿಯಲು ಬೆರಳು ಸದಾ ಮುಷ್ಟಿ ಬಿಗಿಯುತ್ತಲೇ ಇರಬೇಕು. ಒಂದು ಬೆರಳ ಅಗಲಕ್ಕಿಂತ ಹೆಚ್ಚು ಸಂದು ಉಳಿದರೆ ದಪ್ಪ ಹೆಚ್ಚಾಯಿತು, ಆಗ ಬೆರಳ ತುದಿಗಳಷ್ಟೇ ಕೆಲಸ ಮಾಡಿ ಮುಂಗೈ ಸೋಲುತ್ತದೆ.

ಸಣ್ಣದಾಗಿದೆ ಎನ್ನಿಸಿದರೆ ಎಷ್ಟು ದಪ್ಪ ಬೇಕು ಎಂಬುದನ್ನು ಹಳೆಯ ಸೈಕಲ್ ಟ್ಯೂಬಿನಿಂದಲೇ ಕಂಡುಕೊಳ್ಳಬಹುದು. ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಎಡ ಗ್ರಿಪ್ಪಿನ ಮೇಲೆ ಒಂದರ ಪಕ್ಕ ಒಂದು ಬರುವಂತೆ ಬಿಗಿಯಾಗಿ ಒಂದು ಸುತ್ತು ಸುತ್ತಿ, ತುದಿಗೆ ಇನ್ಸುಲೇಷನ್ ಟೇಪ್ ಹಾಕಿ. ರಬ್ಬರ್ 1 ಮಿ.ಮೀ. ಇದ್ದರೆ ಒಂದು ಸುತ್ತಿಗೆ ದಪ್ಪ 2 ಮಿ.ಮೀ. ಏರುತ್ತದೆ, ಎರಡೂ ಬದಿಗೆ ಸೇರುವುದರಿಂದ. ಹದಿನೈದು ನಿಮಿಷ ನಿಂತ ಬೈಕಿನ ಮೇಲೆ ಕೂತು ಕ್ಲಚ್ ಒತ್ತಿ ಬಿಟ್ಟು ನೋಡಿ. ಸಾಲದಿದ್ದರೆ ಇನ್ನೊಂದು ಸುತ್ತು. ಹಿತವೆನಿಸಿದಾಗ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದುಕೊಳ್ಳಿ, ಕೊಳ್ಳಬೇಕಾದ ಅಳತೆ ಅದೇ. ಈ ಪರೀಕ್ಷೆ ಎಡಗಡೆಗೆ ಮಾತ್ರ, ಅದೂ ನಿಂತಲ್ಲೇ. ಥ್ರಾಟಲ್ ಮೇಲೆ ಹೀಗೆ ಸುತ್ತಿಕೊಂಡು ರಸ್ತೆಗಿಳಿಯಬಾರದು, ಪಟ್ಟಿ ಜಾರಿದರೆ ಬೇಕಾದಾಗ ಥ್ರಾಟಲ್ ಮುಚ್ಚಲು ಆಗುವುದಿಲ್ಲ.

ದಪ್ಪ 4 ಮಿ.ಮೀ. ಹೆಚ್ಚಿದರೆ ಅಂಗೈ ಲಿವರಿನಿಂದ 2 ಮಿ.ಮೀ. ಹಿಂದೆ ಸರಿಯುತ್ತದೆ, ಲಿವರಿಗೂ ಗ್ರಿಪ್ಪಿಗೂ ನಡುವಿನ ಸಂದು 2 ಮಿ.ಮೀ. ಕಿರಿದಾಗುತ್ತದೆ. ಸಣ್ಣ ಕೈಯವರಿಗೆ ಇದು ತಿಳಿಯುವಷ್ಟು ವ್ಯತ್ಯಾಸ. ಲಿವರ್ ಹತ್ತಿರ ತರುವ ತಿರುಪು ಇದ್ದರೆ ಹೊಂದಿಸಿಕೊಳ್ಳಿ. ಬ್ರೇಕ್ ಬಲವಾಗಿ ಹಿಡಿದಾಗ ಲಿವರ್ ಗ್ರಿಪ್ಪಿಗೆ ತಾಗಲೇಬಾರದು.

ಯಾವ ರಬ್ಬರ್?

ತೀರಾ ಮೆತ್ತನೆಯ ಗ್ರಿಪ್ಪಿನ ತೊಂದರೆ ಥ್ರಾಟಲ್ ಕಡೆ ಕಾಣುತ್ತದೆ. ಕೈ ತಿರುಗಿಸಿದಾಗ ಮೊದಲು ರಬ್ಬರ್ ತಿರುಚಿಕೊಂಡು ಆಮೇಲೆ ಟ್ಯೂಬ್ ತಿರುಗುತ್ತದೆ. ಅಷ್ಟೇ ಥ್ರಾಟಲ್‌ಗೆ ಕೈಯನ್ನು ಇನ್ನಷ್ಟು ತಿರುಗಿಸಿ ಹಿಡಿಯಬೇಕಾಗುವುದರಿಂದ ಮಣಿಕಟ್ಟಿಗೆ ಹೆಚ್ಚು ಕೆಲಸ. ಕೊಳ್ಳುವಾಗ ಗ್ರಿಪ್ಪಿನೊಳಗೆ ಸರಿಯಾಗಿ ಕೂರುವ ಕೋಲೋ ಪೈಪೋ ತೂರಿಸಿ ತಿರುಚಿ ನೋಡಿ. ಮೇಲ್ಮೈ ಬೆರಳಿಗೆ ಸ್ವಲ್ಪ ಒತ್ತಬೇಕು, ಒಳಪದರ ಜಗ್ಗಬಾರದು. ಒಳಗೆ ಗಟ್ಟಿ, ಹೊರಗೆ ಮೆದು ಇರುವ ಎರಡು ಪದರದ ಗ್ರಿಪ್ ದೂರದ ಸವಾರಿಗೆ ಒಳ್ಳೆಯ ಆಯ್ಕೆ. ಪೊಟ್ಟಣದ ಮೇಲೆ ಶೋರ್ ಎ (ರಬ್ಬರಿನ ಗಡಸುತನದ ಅಳತೆ) ಅಂಕಿ ಇದ್ದರೆ ಅದು ಕಡಿಮೆಯಾದಷ್ಟೂ ಮೆದು, ಹಾಗೆಯೇ ಬೇಗ ಸವೆಯುವಂಥದ್ದು.

ಫೋಮ್ ಗ್ರಿಪ್ ಹಗುರ, ಕಂಪನವನ್ನೂ ಚೆನ್ನಾಗಿ ಹೀರುತ್ತದೆ. ಸಾದಾ ಫೋಮ್ ಮಳೆನೀರನ್ನೂ ಹೀರುತ್ತದೆ, ಬಿದ್ದಾಗ ಬೇಗ ಹರಿಯುತ್ತದೆ. ಹಳೆಯ ಗ್ರಿಪ್ಪಿನ ಮೇಲೇ ತೊಡಿಸುವ ಫೋಮ್ ಕವರು ತಿರುಗದಂತೆ ಬಿಗಿಯಾಗಿ ಕೂರದಿದ್ದರೆ ಬಲಗಡೆಗೆ ಬೇಡವೇ ಬೇಡ. ಬಿಸಿಯಾಗುವ ಗ್ರಿಪ್ ಬೇಕೆಂದರೆ ಅದು ಒಂದಿಷ್ಟು ದಪ್ಪವಾಗಿಯೇ ಇರುತ್ತದೆ ಎಂಬುದು ನೆನಪಿರಲಿ. ಬಲಗಡೆಯ ವೈರ್ ಥ್ರಾಟಲ್ ಪೂರ್ತಿ ತಿರುಗಿದಾಗಲೂ ಎಳೆಯದಷ್ಟು ಸಡಿಲ ಇರಬೇಕು.

ಕೊರೆತದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬರಿಗೈಗೆ ಉದ್ದ ಗೀರು ಅಥವಾ ಮೊಂಡಾದ ಉಬ್ಬು, ಗ್ಲೌಸ್ ಹಾಕುವವರಿಗೆ ಚೌಕುಳಿ ಕೊರೆತ.

ಹಳೆಯದನ್ನು ಬಿಚ್ಚುವುದು

ಬಾರ್ ಎಂಡ್ ಇದ್ದರೆ ಮೊದಲು ಅದರ ಸ್ಕ್ರೂ ಬಿಚ್ಚಿ. ಗ್ರಿಪ್ ಮತ್ತೆ ಬೇಡವೆಂದರೆ ಬ್ಲೇಡಿನಿಂದ ಉದ್ದಕ್ಕೆ ಸೀಳುವುದೇ ಸುಲಭ, ಬ್ಲೇಡ್ ಮೈಯಿಂದ ದೂರಕ್ಕೆ ಸಾಗಲಿ. ಬಲಗಡೆ ಕೈ ಹಗುರವಿರಬೇಕು: ಪ್ಲಾಸ್ಟಿಕ್ ಟ್ಯೂಬಿಗೆ ಆಳವಾದ ಗೀರು ಬಿದ್ದರೆ ಮುಂದೆ ಅಲ್ಲೇ ಬಿರುಕು ಬಿಡುತ್ತದೆ. ಉಳಿಸಿಕೊಳ್ಳಬೇಕೆಂದರೆ ಅಂಚಿನಿಂದ ಮೊಂಡು ತುದಿಯ ತೆಳ್ಳನೆ ಸ್ಕ್ರೂ ಡ್ರೈವರ್ ತೂರಿಸಿ, ಆ ಸಂದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಸೋಪುನೀರು ಚಿಮುಕಿಸಿ ತಿರುಚುತ್ತಾ ಎಳೆಯಿರಿ.

ಅಂಟಿದ ಹಳೆಯ ಗಮ್ಮನ್ನು ಪೂರ್ತಿ ಕೆರೆದು, ಕೊನೆಗೆ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಎಡ ಪೈಪಿನ ಮೇಲೆ ತುಕ್ಕು ಇದ್ದರೆ ಸಣ್ಣ ಸ್ಯಾಂಡ್ ಪೇಪರ್ ಉಜ್ಜಿ. ಒಂದಿಷ್ಟು ಎಣ್ಣೆ ಅಂಶ ಉಳಿದರೂ ಹೊಸ ಗಮ್ ಹಿಡಿಯುವುದಿಲ್ಲ.

ಹೊಸದನ್ನು ಕೂರಿಸುವುದು

ಗಮ್ ಹಚ್ಚುವ ಮೊದಲು ಎಲ್ಲಿಯವರೆಗೆ ಕೂರಬೇಕು, ಕೊರೆತ ಯಾವ ಕಡೆಗೆ ಬರಬೇಕು ಎಂದು ಪೈಪಿನ ಪಕ್ಕ ಹಿಡಿದು ನೋಡಿ, ಮಾರ್ಕರಿನಿಂದ ಗುರುತು ಹಾಕಿಕೊಳ್ಳಿ. ಗ್ರಿಪ್‌ಗೆಂದೇ ಮಾಡಿದ ಗಮ್ ಬಳಸಿ. ಫೆವಿಕ್ವಿಕ್ ಥರದ ಕ್ಷಣದಲ್ಲಿ ಹಿಡಿಯುವ ಗಮ್ ಬೇಡ, ಗ್ರಿಪ್ ಅರ್ಧ ದಾರಿಯಲ್ಲೇ ಕಚ್ಚಿಕೊಂಡು ಕೂರುತ್ತದೆ, ಒಣಗಿದ ಮೇಲೆ ಕಂಪನಕ್ಕೆ ಸಿಡಿಯುತ್ತದೆ. ಗ್ರಿಪ್ಪಿನ ಒಳಗೂ ಪೈಪಿನ ಮೇಲೂ ತೆಳುವಾಗಿ ಸವರಿ, ತಿರುಚುತ್ತಾ ಒಂದೇ ಬೀಸಿಗೆ ಒಳಗೆ ತಳ್ಳಿ. ನಿಲ್ಲಿಸಿದರೆ ಅಲ್ಲೇ ಹಿಡಿಯುತ್ತದೆ. ತಕ್ಷಣ ಕೊರೆತದ ದಿಕ್ಕು ಸರಿಮಾಡಿ, ಹೊರಬಂದ ಗಮ್ ಒರೆಸಿಬಿಡಿ.

ಬಲಗಡೆ ಎರಡು ಎಚ್ಚರ. ಗಮ್ ಥ್ರಾಟಲ್ ಟ್ಯೂಬಿನ ತುದಿ ದಾಟಿ ಒಳಗೆ ಹೋದರೆ ಟ್ಯೂಬು ಪೈಪಿಗೇ ಅಂಟಿಕೊಳ್ಳುತ್ತದೆ, ಹಾಗಾಗಿ ತುದಿಯ ಹತ್ತಿರ ಸವರಬೇಡಿ. ಗ್ರಿಪ್ಪಿಗೂ ಸ್ವಿಚ್ ಪೆಟ್ಟಿಗೆಗೂ ನಡುವೆ, ಹಾಗೆಯೇ ಬಾರ್ ಎಂಡ್ ಕಡೆಗೂ, 1ರಿಂದ 2 ಮಿ.ಮೀ. ಸಂದು ಬಿಡಿ. ಉಜ್ಜಿದರೆ ಥ್ರಾಟಲ್ ತಾನಾಗಿ ಹಿಂದಕ್ಕೆ ಬರುವುದಿಲ್ಲ.

ಗಮ್ ಡಬ್ಬಿಯ ಮೇಲೆ ಏನೇ ಬರೆದಿರಲಿ, ಒಂದು ರಾತ್ರಿ ಬಿಡಿ. ಆಮೇಲೆ ಎಂಜಿನ್ ಆಫ್ ಇದ್ದಾಗ ಥ್ರಾಟಲ್ ಪೂರ್ತಿ ತಿರುಗಿಸಿ ಕೈ ಬಿಡಿ: ಟಕ್ ಎಂದು ಹಿಂದಕ್ಕೆ ಬಡಿಯಬೇಕು. ಹ್ಯಾಂಡಲ್ ನೇರ ಇಟ್ಟು, ಪೂರ್ತಿ ಎಡಕ್ಕೆ ತಿರುಗಿಸಿ, ಪೂರ್ತಿ ಬಲಕ್ಕೆ ತಿರುಗಿಸಿ, ಮೂರು ಸಲ ನೋಡಿ. ನಂತರ ನ್ಯೂಟ್ರಲ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲ್ ಅತ್ತಿತ್ತ ತಿರುಗಿಸಿ, ಐಡ್ಲಿಂಗ್ (ಥ್ರಾಟಲ್ ತಿರುಗಿಸದಿದ್ದಾಗಿನ ಎಂಜಿನ್ ವೇಗ) ಏರಬಾರದು. ಏರಿದರೆ ಕೇಬಲ್ ಎಳೆಯುತ್ತಿದೆ. ಕೊನೆಗೆ ಎಡ ಗ್ರಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ತಿರುಚಿ ನೋಡಿ. ಕೂದಲೆಳೆಯಷ್ಟು ಜರುಗಿದರೂ ಬಿಚ್ಚಿ, ಒರೆಸಿ, ಮತ್ತೆ ಕೂರಿಸಬೇಕು. ಮೊದಲ ಮಳೆಯಲ್ಲಿ ಓಡಿಸಿ ಬಂದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಸಡಿಲ ಗಮ್ಮಿನೊಳಗೆ ನೀರು ಇಳಿದಾಗಲೇ ಗ್ರಿಪ್ ಜಾರಲು ಶುರುವಾಗುವುದು.