ಜಪಾನಿನ ಹೊಸ ಸ್ಟಾರ್ ಯಾವ ತಂಡಕ್ಕೆ? ಊಹೆ ಮಾಡೋದು ಹೀಗೆ

ಟೊರಾಂಟೊದಲ್ಲಿದ್ದು, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಡೋ ಊರಿನ ತಂಡ ಬ್ಲೂ ಜೇಸ್ ನೆಚ್ಚಿಕೊಂಡವರಿಗೆ ಚಳಿಗಾಲ ಬಂದರೆ ಇದೇ ಪ್ರಶ್ನೆ: ಜಪಾನಿನಿಂದ ಬರೋ ಹುಡುಗ ನಮ್ಮಲ್ಲಿಗೆ ಬರ್ತಾನಾ? ಆಫೀಸಿನ ಕನ್ನಡದವರಿಗೆ ನಾನು ಹೇಳೋದನ್ನೇ ಇಲ್ಲಿ ಬರೀತೀನಿ.

ಮೊದಲು ವಯಸ್ಸು ನೋಡಿ. 25 ತುಂಬಿ, ಜಪಾನಿನ ಲೀಗ್‌ನಲ್ಲಿ ಆರು ಸೀಸನ್ ಆಡಿದ್ದರೆ ದುಡ್ಡಿಗೆ ಮಿತಿಯಿಲ್ಲ. 2023ರ ಡಿಸೆಂಬರ್‌ನಲ್ಲಿ ಪಿಚರ್ (ಚೆಂಡು ಎಸೆಯೋನು) ಯೊಶಿನೊಬು ಯಮಾಮೊಟೊಗೆ ಲಾಸ್ ಏಂಜಲಿಸ್‌ನ ಡಾಡ್ಜರ್ಸ್ ತಂಡದವರು 12 ವರ್ಷಕ್ಕೆ 32.5 ಕೋಟಿ ಡಾಲರ್ ಕೊಟ್ಟರು. 25 ಆಗಿಲ್ವಾ? ಐಪಿಎಲ್ ಹರಾಜಿನ ಲೆಕ್ಕ ಮರೆತುಬಿಡಿ. ವಿದೇಶಿ ಹುಡುಗರಿಗೆ ಸಹಿ ಹಾಕುವಾಗ ಕೊಡೋ ಬೋನಸ್‌ಗೆ ಪ್ರತಿ ತಂಡಕ್ಕೂ ವರ್ಷಕ್ಕಿಷ್ಟು ಅಂತ ಕಟ್ಟಿಟ್ಟ ಹಣ, ಅದರೊಳಗೇ ಮುಗಿಸಬೇಕು. 2022ರಲ್ಲಿ ಪರ್ಫೆಕ್ಟ್ ಗೇಮ್ (ಎದುರಾಳಿಯ ಒಬ್ಬನೂ ಬೇಸ್ ತಲುಪದ ಪಂದ್ಯ) ಎಸೆದು, ಅದರಲ್ಲಿ 19 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ತೆಗೆದ ಪಿಚರ್ ರೋಕಿ ಸಸಾಕಿ 23ಕ್ಕೇ ಹೊರಟ. ಸಿಕ್ಕಿದ್ದು 65 ಲಕ್ಷ ಡಾಲರ್ ಬೋನಸ್. ಇಂಥವರ ವಿಷಯದಲ್ಲಿ ಯಾರ ಹತ್ರ ದುಡ್ಡಿದೆ ಅಂತ ಕೇಳೋದೇ ದಂಡ.

ಆಮೇಲೆ, ಬರೋ ಹುಡುಗ ತಂಡಗಳನ್ನ ಏನು ಕೇಳಿದ ಅನ್ನೋದನ್ನ ಹುಡುಕಿ. ನನಗೆ ಇದೇ ಮುಖ್ಯ. ಸಸಾಕಿ ತಂಡಗಳಿಗೆ ಹೋಮ್‌ವರ್ಕ್ ಕೊಟ್ಟಿದ್ದ: 2024ರಲ್ಲಿ ನನ್ನ ಫಾಸ್ಟ್‌ಬಾಲ್ ವೇಗ ಇಳಿದದ್ದು ಯಾಕೆ, ಮತ್ತೆ ಇಳಿಯದ ಹಾಗೆ ಏನು ಮಾಡ್ತೀರಿ? ಹೀಗೆ ಕೇಳೋನು ಊರು ನೋಡ್ತಿಲ್ಲ, ಪಿಚಿಂಗ್ ಕೋಚ್‌ಗಳನ್ನ ನೋಡ್ತಿದ್ದಾನೆ. 2017ರಲ್ಲಿ ಜಪಾನಿನಿಂದ ಬಂದ ಶೋಹೇ ಒಹ್ತಾನಿ ಕೂಡ ಪ್ರಶ್ನಾವಳಿ ಕಳಿಸಿದ್ದ. ಅವನ ಕೊನೆಯ ಏಳು ತಂಡಗಳಲ್ಲಿ ಐದು ಪಶ್ಚಿಮ ಕರಾವಳಿಯವು. ಟೆಕ್ಸಸ್‌ನ ರೇಂಜರ್ಸ್ ಹತ್ರ ಹೆಚ್ಚು ಬೋನಸ್ ಇದ್ದರೂ ಕ್ಯಾಲಿಫೋರ್ನಿಯಾದ ಏಂಜಲ್ಸ್ ಕಡೆ ಹೋದ.

ಬೋನಸ್ ಹಣ ಜಾಸ್ತಿ ಮಾಡಿಕೊಳ್ಳೋಕೆ ತಂಡಗಳ ನಡುವೆ ನಡೆಯೋ ಟ್ರೇಡ್‌ಗಳನ್ನ (ಕೊಡು-ಕೊಳ್ಳೋ ವ್ಯವಹಾರ) ಅರ್ಧ ಮಾತ್ರ ನಂಬಿ. ತಂಡಕ್ಕೆ ಎಷ್ಟು ಆಸೆ ಅಂತ ಗೊತ್ತಾಗುತ್ತೆ, ಹುಡುಗನ ಮನಸ್ಸಲ್ಲ. 2025ರ ಜನವರಿಯಲ್ಲಿ ಬ್ಲೂ ಜೇಸ್ ಕ್ಲೀವ್‌ಲ್ಯಾಂಡ್ ತಂಡದಿಂದ 20 ಲಕ್ಷ ಡಾಲರ್ ಬೋನಸ್ ಹಣ ತಗೊಂಡರು, ಜೊತೆಗೆ ಅಲ್ಲಿನ ಆಟಗಾರ ಮೈಲ್ಸ್ ಸ್ಟ್ರಾನನ್ನೂ ಅವನ ಸಂಬಳದ ಹೊರೆಯನ್ನೂ. ಅದೇ ದಿನ ಸಸಾಕಿ ಡಾಡ್ಜರ್ಸ್ ಅಂದ! ಸ್ಟ್ರಾ ಆಮೇಲೆ ಔಟ್‌ಫೀಲ್ಡ್‌ನಲ್ಲಿ ಚೆನ್ನಾಗೇ ಆಡಿದ, ಅದು ಬೇರೆ ಮಾತು.

ವಿಮಾನದ ಮ್ಯಾಪ್ ಅಂತೂ ತೆಗೀಲೇಬೇಡಿ. 2023ರ ಡಿಸೆಂಬರ್ 8ರಂದು ಕ್ಯಾಲಿಫೋರ್ನಿಯಾದಿಂದ ಟೊರಾಂಟೊಗೆ ಬರ್ತಿದ್ದ ಜೆಟ್‌ನಲ್ಲಿ, ಆಗ ಹೊಸ ತಂಡ ಹುಡುಕ್ತಿದ್ದ ಒಹ್ತಾನಿ ಇದ್ದಾನೆ ಅಂತ ಊರೆಲ್ಲ ಫೋನ್ ಹಿಡಿದು ಕೂತಿತ್ತು. ಇಳಿದದ್ದು ಟಿವಿಯಲ್ಲಿ ಕಾಣೋ ಉದ್ಯಮಿ ರಾಬರ್ಟ್ ಹರ್ಜಾವೆಕ್.

ಕೊನೇದಾಗಿ ಕ್ಯಾಲೆಂಡರ್. ಜಪಾನಿನ ಕ್ಲಬ್ ಆಟಗಾರನನ್ನ ಪೋಸ್ಟ್ ಮಾಡಿದ (ಅಂದರೆ ಮೇಜರ್ ಲೀಗ್ ತಂಡಗಳ ಜೊತೆ ಮಾತಾಡೋಕೆ ಬಿಟ್ಟ) ಮೇಲೆ ಒಪ್ಪಂದಕ್ಕೆ 45 ದಿನ ಟೈಮು. ಬೋನಸ್ ಖಾತೆ ಹೊಸದಾಗಿ ತುಂಬೋದು ಜನವರಿ 15ಕ್ಕೆ. 25ರ ಒಳಗಿನವನನ್ನ ಡಿಸೆಂಬರ್‌ನಲ್ಲಿ ಪೋಸ್ಟ್ ಮಾಡಿದರೆ ಆ ದಿನದವರೆಗೂ ಸಹಿ ಬೀಳೋದು ಅನುಮಾನ. ಅಲ್ಲಿತನಕ ಬರೋ ‘ಬಹುತೇಕ ಖಚಿತ’ ಸುದ್ದಿಗಳನ್ನ ದಯವಿಟ್ಟು ನನಗೆ ಫಾರ್ವರ್ಡ್ ಮಾಡಬೇಡಿ.