ಹಿರಿಯ ಹುಳು ಹೆಣದ ಮೇಲಿರುವುದಿಲ್ಲ

ಶವದ ಮೇಲಿನ ಹುಳುಗಳನ್ನು ನೋಡಿ ಸಾವಿನ ಸಮಯ ಅಂದಾಜು ಮಾಡುವುದು ನನ್ನ ಕೆಲಸ. ಹೇಳಿದರೆ ಜನ ಮುಖ ಕಿವುಚುತ್ತಾರೆ. ನನಗಂತೂ ಆ ಹುಳುಗಳ ಮೇಲೆ ಗೌರವವಿದೆ. ಸತ್ತು ಮೂರು ದಿನ ದಾಟಿದರೆ ದೇಹದ ಬಿಸಿಯಿಂದಾಗಲಿ, ಸೆಟೆದ ಕೈಕಾಲಿನಿಂದಾಗಲಿ ಹೆಚ್ಚೇನೂ ತಿಳಿಯುವುದಿಲ್ಲ. ಹುಳು ಆಗಲೂ ಲೆಕ್ಕ ಕೊಡುತ್ತದೆ.

ಆದರೆ ಎಲ್ಲಿ ಹುಡುಕಬೇಕು ಅನ್ನುವುದನ್ನು ನಾನು ಕಲಿತದ್ದು ತಪ್ಪು ಮಾಡಿಯೇ.

ಮರದಡಿ ಸಿಕ್ಕ ಶವ ಅದು. ಕಣ್ಣು, ಮೂಗು, ಬಾಯಿಯ ಸುತ್ತ ಹುಳು ಗಿಜಿಗುಡುತ್ತಿತ್ತು. ತೀರಾ ದೊಡ್ಡವನ್ನು ಆರಿಸಿ ತಂದೆ. ನೊಣದ ಮರಿಹುಳುವಿನ ಹಿಂತುದಿಯಲ್ಲಿ ಉಸಿರಾಡುವ ರಂಧ್ರಗಳಿರುತ್ತವೆ. ಒಂದೊಂದರಲ್ಲೂ ಎರಡು ಸೀಳುಗಳಿದ್ದರೆ ಬೆಳವಣಿಗೆಯ ಎರಡನೇ ಹಂತ, ಮೂರಿದ್ದರೆ ಕೊನೆಯ ಹಂತ. ಮೈಕ್ರೋಸ್ಕೋಪ್‌ನಲ್ಲಿ ಮೂರು ಸೀಳು ಸ್ಪಷ್ಟವಾಗಿ ಕಂಡವು. ಹುಳು ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದು ಅದರ ಜಾತಿ ಮತ್ತು ಸುತ್ತಲಿನ ಬಿಸಿಯ ಮೇಲೆ ನಿಂತಿದೆ. ಜಾತಿ ಹೊಳೆಯುವ ಹಸಿರು ನೊಣದ್ದು, ತಾಪಮಾನ 25 ಡಿಗ್ರಿಯ ಆಸುಪಾಸು. 5 ದಿನ ಅಂತ ಬರೆಯಲು ಕೂತೆ.

ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು, "ಸುತ್ತಲಿನ ಮಣ್ಣು ಕೆದಕಿ ನೋಡಿದ್ಯಾ?"

ನೋಡಿರಲಿಲ್ಲ. ಮರುದಿನವೇ ಓಡಿದೆ. ಶವವಿದ್ದ ಜಾಗದಿಂದ ಎರಡು ಮೀಟರ್ ದೂರದಲ್ಲಿ, ಒಣಗಿದ ಎಲೆಗಳ ಕೆಳಗೆ, ಸಡಿಲ ಮಣ್ಣಿನಲ್ಲಿ ಕಂದು ಗುಳಿಗೆಯಂಥ ಗೂಡುಗಳು ಸಿಕ್ಕವು. ಹೊಟ್ಟೆ ತುಂಬಿದ ಹುಳು ಹೆಣ ಬಿಟ್ಟು ಹೋಗುತ್ತದೆ. ಕತ್ತಲಿರುವ, ಒಣಗಿದ ಜಾಗ ಹುಡುಕಿ ಅಲ್ಲೇ ಗೂಡಾಗುತ್ತದೆ. ಅಂದರೆ ಮೊದಲ ಮೊಟ್ಟೆಗಳ ಹುಳುಗಳು ಆಗಲೇ ಎದ್ದು ಹೋಗಿದ್ದವು. ನಾನು ತಂದದ್ದು ಅವುಗಳ ತಮ್ಮಂದಿರನ್ನು.

ಆ ಗೂಡುಗಳನ್ನು ಜಾಡಿಯಲ್ಲಿಟ್ಟು ದಿನವೂ ತಾಪಮಾನ ಬರೆದುಕೊಂಡೆ. ನೊಣ ಹೊರಬಂದ ಮೇಲೆ ಹಿಂದಕ್ಕೆ ಎಣಿಸಿದೆ. ಶವ ಸಿಕ್ಕ ದಿನಕ್ಕೆ ಮೊಟ್ಟೆ ಇಟ್ಟು ಕನಿಷ್ಠ 9 ದಿನವಾಗಿತ್ತು. 5 ಅಂತ ಬರೆದು ಕೊಟ್ಟಿದ್ದರೆ? ತಪ್ಪು ದಿನಗಳ ಮೇಲೆ ತನಿಖೆ ನಡೆಯುತ್ತಿತ್ತು ಅಲ್ವಾ? ಈಗಲೂ ನೆನೆದರೆ ಎದೆ ನಡುಗುತ್ತದೆ.

'ಕನಿಷ್ಠ' ಅನ್ನುವ ಮಾತನ್ನು ನಾನು ವರದಿಯಲ್ಲಿ ಬಿಡುವುದಿಲ್ಲ. ಹುಳು ಹೇಳುವುದು ತನ್ನ ವಯಸ್ಸನ್ನು, ಸಾವಿನ ಗಳಿಗೆಯನ್ನಲ್ಲ. ನೊಣ ಕೆಲವೇ ನಿಮಿಷಗಳಲ್ಲಿ ಬರಬಹುದು. ಹೆಣವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರೆ ದಿನಗಟ್ಟಲೆ ತಡವೂ ಆಗಬಹುದು. ನೊಣದ ಮೂಗು ಮಾತ್ರ ಬಲು ಚುರುಕು. 13ನೇ ಶತಮಾನದ ಚೀನಾದಲ್ಲಿ ಸಾಂಗ್ ತ್ಸು ಎಂಬ ನ್ಯಾಯಾಧಿಕಾರಿ ಬರೆದಿಟ್ಟ ಒಂದು ಪ್ರಕರಣವಿದೆ. ಊರಿನವರ ಕುಡುಗೋಲುಗಳನ್ನೆಲ್ಲ ಸಾಲಾಗಿ ಇಡಿಸಿದಾಗ ನೊಣಗಳು ಒಂದಕ್ಕೇ ಮುತ್ತಿದವು. ಕಣ್ಣಿಗೆ ಕಾಣದ ರಕ್ತದ ವಾಸನೆ ಅದರಲ್ಲಿತ್ತು. ಅದರ ಒಡೆಯ ಕೊಲೆ ಒಪ್ಪಿಕೊಂಡ.

ನನಗೆ ಜಾಸ್ತಿ ಹತ್ತಿರ ಅನಿಸುವುದು ಫ್ರಾನ್ಸ್‌ನ ವೈದ್ಯ ಬೆರ್ಜೆರೆ. 1850ರಲ್ಲಿ ಮನೆಯೊಂದರ ಅಗ್ಗಿಷ್ಟಿಕೆಯ ಹಿಂದೆ ಒಣಗಿದ ಮಗುವಿನ ಶವ ಸಿಕ್ಕಿತು. ಅಲ್ಲಿದ್ದ ಗೂಡುಗಳನ್ನೂ ಮರಿಹುಳುಗಳನ್ನೂ ನೋಡಿ, ಸಾವು 1848ರದ್ದು ಅಂದರು. ಅನುಮಾನ ಈಗಿನ ಬಾಡಿಗೆದಾರರಿಂದ ಹಿಂದಿನವರ ಕಡೆ ಹೊರಳಿತು. ನೊಣದ ಬದುಕಿನ ಬಗ್ಗೆ ಅವರ ಎಣಿಕೆ ಇಂದಿನ ತಿಳಿವಳಿಕೆಗೆ ಸರಿಹೊಂದುವುದಿಲ್ಲ. ಆದರೂ ಗೂಡನ್ನು ಕಸ ಅಂತ ಬಿಡಲಿಲ್ಲವಲ್ಲ, ಅದು ದೊಡ್ಡದು.

ಈಗ ನಾನು ಮೊದಲು ಶವದ ಸುತ್ತ ಹಲವು ಮೀಟರ್ ಮಣ್ಣು ಕೆದಕುತ್ತೇನೆ. ಹುಳುಗಳಲ್ಲಿ ಅರ್ಧವನ್ನು ಬಿಸಿನೀರಿನಲ್ಲಿ ಅದ್ದಿ ಆಲ್ಕೋಹಾಲ್‌ಗೆ ಹಾಕುತ್ತೇನೆ. ಸುಮ್ನೆ ನೇರ ಆಲ್ಕೋಹಾಲ್‌ಗೆ ಹಾಕಿದರೆ ಕುಗ್ಗಿ ಕಪ್ಪಾಗುತ್ತವೆ, ಉದ್ದದ ಲೆಕ್ಕ ತಪ್ಪುತ್ತದೆ. ಉಳಿದರ್ಧವನ್ನು ಜೀವಂತ ಸಾಕುತ್ತೇನೆ. ಹುಳುಗಳ ರಾಶಿಯ ಒಳಗಿನ ಬಿಸಿಯನ್ನು ಬೇರೆಯೇ ಅಳೆಯುತ್ತೇನೆ, ಅದು ಹೊರಗಿಗಿಂತ 10 ಡಿಗ್ರಿಗೂ ಜಾಸ್ತಿ ಇರಬಹುದು. ಶವ ಸಾಗಿಸಿದ ಮೇಲೂ ಅಲ್ಲೊಂದು ಥರ್ಮಾಮೀಟರ್ ಕೆಲವು ದಿನ ಉಳಿಯುತ್ತದೆ.