ಸಿಗಾರಿನ ಹೊರ ಎಲೆ ಬಿರಿದರೆ: ಬಳ್ಳಾರಿಯ ಬಿಸಿಲಲ್ಲಿ ನಾನು ಮಾಡುವ ರಿಪೇರಿ

ಬಳ್ಳಾರಿಯಲ್ಲಿ ಸಿಗಾರ್ ಇಟ್ಟುಕೊಳ್ಳುವವರಿಗೆ ಹೊರ ಎಲೆ ಬಿರಿಯುವ ಕಾಟ ವರ್ಷಕ್ಕೆ ಎರಡು ಸಲ ಬರುತ್ತದೆ. ಮಾರ್ಚ್‌ನಿಂದ ಮೇವರೆಗೆ ಒಮ್ಮೆ, ಮಳೆ ಹಿಡಿದು ಗಾಳಿ ಒದ್ದೆಯಾದ ಮೇಲೆ ಇನ್ನೊಮ್ಮೆ. ಎರಡಕ್ಕೂ ಕಾರಣ ಒಂದೇ: ತೇವ ಹೆಚ್ಚುಕಡಿಮೆಯಾಗುವ ವೇಗ. ಬರೀ ಒಣಗಿದ್ದಕ್ಕೆ ಎಲೆ ಬಿರಿಯುವುದು ಕಡಿಮೆ, ಗಡಿಬಿಡಿಯಲ್ಲಿ ಒಣಗಿದ್ದಕ್ಕೆ ಬಿರಿಯುವುದೇ ಹೆಚ್ಚು.

ಸಿಗಾರಿಗೆ ಮೂರು ಪದರ. ನಡುವೆ ಫಿಲ್ಲರ್ ಅನ್ನುವ ಒಳಗಿನ ತಂಬಾಕು, ಅದನ್ನು ಬಿಗಿಯಾಗಿ ಹಿಡಿಯುವ ಬೈಂಡರ್, ಮೇಲೆ ರ‍್ಯಾಪರ್ ಅನ್ನುವ ಹೊರ ಎಲೆ. ಮೂರರಲ್ಲಿ ತೆಳ್ಳಗಿರುವುದು ಹೊರ ಎಲೆ, ಗಾಳಿಗೆ ಮೊದಲು ಮೈಯೊಡ್ಡುವುದೂ ಅದೇ. ಪೆಟ್ಟಿಗೆಯಿಂದ ತೆಗೆದ ಸಿಗಾರನ್ನು ಏಪ್ರಿಲ್ ಮಧ್ಯಾಹ್ನ ಫ್ಯಾನಿನ ಕೆಳಗಿಟ್ಟರೆ ಹೊರ ಎಲೆ ನೋಡುನೋಡುತ್ತಲೇ ಒಣಗಿ ಕುಗ್ಗುತ್ತದೆ. ಒಳಗಿನ ಫಿಲ್ಲರ್ ಮಾತ್ರ ತೇವದಿಂದ ಉಬ್ಬಿದಂತೆಯೇ ಇರುತ್ತದೆ. ಸುತ್ತಳತೆ ಸಾಲದೆ ಎಲೆ ಸೀಳುತ್ತದೆ. ಒಣಗಿ ಗರಿಗರಿಯಾದ ಸಿಗಾರನ್ನು ಒಮ್ಮೆಲೇ ಒದ್ದೆ ಜಾಗಕ್ಕೆ ಹಾಕಿದರೆ ಇದರ ಉಲ್ಟಾ: ಫಿಲ್ಲರ್ ನೀರು ಹೀರಿ ಹಿಗ್ಗಿ, ಹೊರ ಎಲೆಯನ್ನು ಒಳಗಿನಿಂದಲೇ ಒಡೆಯುತ್ತದೆ. ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದೂ ಇದೇ ಲೆಕ್ಕದಲ್ಲಿ. ನೀರು ಕುಡಿದು ಹಿಗ್ಗಿದ ಮಣ್ಣು ಆರುವಾಗ ಕುಗ್ಗಬೇಕು, ಕುಗ್ಗಿದ್ದು ಎಲ್ಲೋ ಒಂದು ಕಡೆ ಬಿರಿಯಲೇಬೇಕು.

ಹಾಗಾಗಿ ಅಂಟು ಕೈಗೆತ್ತಿಕೊಳ್ಳುವ ಮೊದಲು ಪೆಟ್ಟಿಗೆ ನೋಡುತ್ತೇನೆ. ಒಳಗಿನ ಹೈಗ್ರೋಮೀಟರ್, ಅಂದರೆ ತೇವ ಅಳೆಯುವ ಮೀಟರ್, ಸುಳ್ಳು ಹೇಳುತ್ತಿದ್ದರೆ ಎಷ್ಟು ತೇಪೆ ಹಾಕಿದರೂ ದಂಡ. ಅದನ್ನು ಪರೀಕ್ಷಿಸುವುದು ಸುಲಭ. ನೀರಿನ ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರಿನ ಹನಿ ಬಿಡಿ. ಉಪ್ಪು ಕರಗಿ ನೀರಾಗಬಾರದು. ಮುಚ್ಚಳ, ಮೀಟರ್ ಎರಡನ್ನೂ ಜಿಪ್ ಕವರಿನಲ್ಲಿಟ್ಟು 12 ಗಂಟೆ ಮುಟ್ಟಬೇಡಿ. ಮೀಟರ್ ಶೇ 75 ತೋರಿಸಬೇಕು. 70 ತೋರಿಸಿದರೆ ಅದು ಯಾವಾಗಲೂ 5 ಕಡಿಮೆ ಹೇಳುತ್ತದೆ ಎಂದು ಅದರ ಬೆನ್ನ ಮೇಲೆ ಪೆನ್ನಿನಲ್ಲಿ ಬರೆದಿಡುತ್ತೇನೆ.

ಶೇ 70 ತೇವದಲ್ಲಿ ಇಡಬೇಕು ಎಂಬುದು ತಂಪು ದೇಶಗಳ ಪಾಠ. ನಮ್ಮಲ್ಲಿ ನಾನು 62ರಿಂದ 65ರ ನಡುವೆ ಇಡುತ್ತೇನೆ. ಹೊರಗಿನ ಒಣ ಗಾಳಿಗೂ ಪೆಟ್ಟಿಗೆಯ ಒಳಗಿಗೂ ಅಂತರ ಕಡಿಮೆಯಾದಷ್ಟೂ ತೆಗೆದಾಗ ಎಲೆ ಬೆಚ್ಚುವುದು ಕಡಿಮೆ. ಸೆಕೆ, ತೇವ ಎರಡೂ ಸೇರಿದರೆ ತಂಬಾಕಿನ ಹುಳದ ಮೊಟ್ಟೆ ಒಡೆಯುತ್ತದೆ ಎಂಬ ಭಯವೂ ಇದೆ. ಸಿಗಾರಿಗೆಂದೇ ಮಾಡಿದ ಮರದ ಪೆಟ್ಟಿಗೆಯಾದ ಹ್ಯೂಮಿಡಾರ್‌ಗಿಂತ ಪಿಕ್‌ನಿಕ್‌ಗೆ ಒಯ್ಯುವ ಐಸ್ ಬಾಕ್ಸ್ ಇಲ್ಲಿ ಮೇಲು. ಗಾಳಿ ಆಡುವುದಿಲ್ಲ, ಬಿಸಿಯೂ ನಿಧಾನ ಒಳಗೆ ಬರುತ್ತದೆ. 25 ಸಿಗಾರಿಗೆ ಒಳಗಿನ ತೇವವನ್ನು ಒಂದೇ ಹದದಲ್ಲಿಡುವ 60 ಗ್ರಾಮಿನ ಒಂದು ಪ್ಯಾಕ್ ಸಾಕು. ಒಳಕೋಣೆಯ ಗೋಡೆ ಕಪಾಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಕಡಪಾ ಕಲ್ಲಿನ ಮೇಲೆ ಇಟ್ಟರೆ ಮನೆಯ ತಂಪಾದ ಜಾಗ ಅದೇ. ಏರ್ ಕೂಲರ್ ಇರುವ ಕೋಣೆ ಬೇಡವೇ ಬೇಡ. ಹಗಲಿಡೀ ಒದ್ದೆ ಗಾಳಿ, ಕೂಲರ್ ನಿಲ್ಲಿಸಿದ ಮೇಲೆ ಒಣ ಗಾಳಿ. ಸಿಗಾರಿಗೆ ಇದಕ್ಕಿಂತ ಕೆಟ್ಟ ಪಾಡು ಇಲ್ಲ.

ಇನ್ನು ಬಿರುಕು. ಕೂದಲೆಳೆಯಂಥದ್ದಾದರೆ ನಾನು ಮುಟ್ಟುವುದಿಲ್ಲ, ಎರಡು ವಾರ ಪೆಟ್ಟಿಗೆಯಲ್ಲಿ ಬಿಟ್ಟರೆ ತಾನೇ ಕೂಡುತ್ತದೆ. ಬೆಂಕಿ ಹಚ್ಚುವ ತುದಿಯಲ್ಲಿ ಸೀಳಿದ್ದರೆ ಹರಿತವಾದ ಕಟ್ಟರ್‌ನಲ್ಲಿ ಅಷ್ಟನ್ನು ಕತ್ತರಿಸಿ ತೆಗೆದರೆ ಮುಗಿಯಿತು. ನಡುವೆ ಒಂದು ಸೆಂಟಿಮೀಟರ್‌ವರೆಗಿನ ಸೀಳಿಗೆ ಬರೀ ಅಂಟು ಸಾಕು. ಎಲೆ ಚೂರು ಹಾರಿಹೋಗಿ ಒಳಗಿನ ಬೈಂಡರ್ ಕಾಣುತ್ತಿದ್ದರೆ ಮಾತ್ರ ತೇಪೆ. ಬೈಂಡರೇ ಸೀಳಿದ್ದರೆ ಆ ಸಿಗಾರ್ ಎಳೆಯುವಾಗ ಗಾಳಿ ಸೋರುತ್ತದೆ, ರಿಪೇರಿ ನಿಲ್ಲುವುದಿಲ್ಲ. ಅದನ್ನು ಎಸೆಯದೆ ತೇಪೆಗೆ ಎಲೆ ಕೊಡುವ ಸಿಗಾರಾಗಿ ತೆಗೆದಿಡುತ್ತೇನೆ.

ಅಂಟಿಗೆ ನನ್ನ ಮೊದಲ ಆಯ್ಕೆ ಪೆಕ್ಟಿನ್, ಜಾಮ್ ಗಟ್ಟಿಯಾಗಲು ಹಾಕುವ ಪುಡಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸಕ್ಕರೆ ಬೆರೆಸಿದ್ದು ಬೇಡ, ಉರಿಯುವಾಗ ಕಪ್ಪು ಕಲೆ ಕಟ್ಟುತ್ತದೆ. ಕಾಲು ಟೀ ಚಮಚ ಪುಡಿಗೆ 15 ಮಿಲಿ ಉಗುರುಬೆಚ್ಚನೆ ನೀರು. ಪುಡಿಯನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ ಕಲಕಬೇಕು. ರಾತ್ರಿ ಬಿಟ್ಟರೆ ಬೆಳಗ್ಗೆ ಜೇನಿನ ಹದಕ್ಕೆ ಬಂದಿರುತ್ತದೆ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ, ಆಮೇಲೆ ಹೊಸದು ಮಾಡಿ.

ಪೆಕ್ಟಿನ್ ಸಿಗದಿದ್ದರೆ ಅಂಟಿನ ಉಂಡೆಗೆ ಹಾಕುವ ಅಂಟು ನಡೆಯುತ್ತದೆ. ಕಿರಾಣಿ ಅಂಗಡಿಯಲ್ಲಿ ಅಂಟು ಎಂದರೆ ಎರಡು ಥರದ್ದು ಕೊಡಬಹುದು. ಒಂದು ನೀರಲ್ಲಿ ಕರಗುತ್ತದೆ, ಇನ್ನೊಂದು ಬೇಸಿಗೆಯ ಶರಬತ್ತಿಗೆ ಹಾಕುವಂಥದ್ದು, ಉಬ್ಬಿ ಲೋಳೆಯಾಗುತ್ತದೆ. ನಮಗೆ ಕರಗುವುದೇ ಬೇಕು. ಕುಟ್ಟಿ ಕಡಲೆಬೇಳೆಯಷ್ಟು ಮಾಡಿ, ಒಂದು ಪಾಲಿಗೆ ಎರಡು ಪಾಲು ನೀರು ಹಾಕಿ ರಾತ್ರಿಯಿಡೀ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ. ಹಿಡಿತ ಗಟ್ಟಿ. ಆದರೆ ಒಣಗಿದ ಮೇಲೆ ಬಿರುಸಾಗುವುದರಿಂದ ದೊಡ್ಡ ತೇಪೆಯ ಅಂಚು ಏಳುತ್ತದೆ, ಸಣ್ಣ ಸೀಳಿಗಷ್ಟೇ ಬಳಸುತ್ತೇನೆ. ಮೈದಾ ಗಂಜಿ ಹಚ್ಚಿದರೆ ಪೆಟ್ಟಿಗೆಯಲ್ಲಿ ಬೂಸ್ಟು ಬರುತ್ತದೆ. ಬೆಲ್ಲದ ಪಾಕ, ಜೇನು ಹಚ್ಚಿದರೆ ಇರುವೆ. ಮರಗೆಲಸದ ಬಿಳಿ ಗೋಂದು, ಕ್ಷಣದಲ್ಲಿ ಹಿಡಿಯುವ ಗ್ಲೂ ಇವುಗಳ ಹೊಗೆ ಬಾಯಿಗೆ ಹೋಗುತ್ತದೆ, ಹತ್ತಿರವೂ ತರಬೇಡಿ.

ತೇಪೆಯ ಕೆಲಸಕ್ಕೆ ಬೇಸಿಗೆಯಲ್ಲಿ ಬೆಳಗ್ಗೆ ಆರು, ಏಳರ ಹೊತ್ತು ಒಳ್ಳೆಯದು, ಫ್ಯಾನ್ ಆಫ್ ಇರಬೇಕು. ಎಲೆ ಕೊಡುವ ಸಿಗಾರನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ತಾಸು ಜಿಪ್ ಕವರಿನಲ್ಲಿಡಿ. ಹೊರ ಎಲೆಯನ್ನು ಬೆಂಕಿಯ ತುದಿಯಿಂದ ಸುತ್ತಲು ಶುರು ಮಾಡಿ ಬಾಯಿಗೆ ಇಡುವ ತುದಿಯಲ್ಲಿ ಮುಗಿಸಿರುತ್ತಾರೆ. ಹಾಗಾಗಿ ಬಿಚ್ಚುವಾಗ ಬಾಯಿಯ ತುದಿಯನ್ನು ಮುಚ್ಚುವ ಸಣ್ಣ ಎಲೆ ತುಂಡು, ಅಂದರೆ ಟೋಪಿ, ಕಿತ್ತು ಅಲ್ಲಿಂದ ಬಿಚ್ಚಬೇಕು. ಇನ್ನೊಂದು ತುದಿಯಿಂದ ಎಳೆದರೆ ಚೂರುಚೂರಾಗುತ್ತದೆ. ಸರಿಯಾಗಿ ನೆನೆದ ಎಲೆ ಕೈಯಲ್ಲಿ ಒದ್ದೆ ರೇಷ್ಮೆಯ ಹಾಗೆ ಜೋಲುತ್ತದೆ, ಬೆರಳಿಗೆ ಸುತ್ತಿದರೂ ಸದ್ದು ಮಾಡುವುದಿಲ್ಲ. ಸದ್ದು ಬಂದರೆ ಇನ್ನೂ ಅರ್ಧ ತಾಸು ಇಡಿ.

ಬಿರುಕಿಗಿಂತ ಎಲ್ಲ ಕಡೆ 3 ಮಿಲಿಮೀಟರ್ ಹೆಚ್ಚಿರುವಂತೆ ಎಲೆಯನ್ನು ಕತ್ತರಿಸಿ. ಮೂಲೆ ಇರಬಾರದು, ಬಾದಾಮಿಯ ಆಕಾರ ಸಾಕು. ಮೂಲೆಯಿದ್ದರೆ ಮೊದಲು ಏಳುವುದು ಅದೇ. ಎಲೆಯ ನಯವಾದ ಮುಖ ಮೇಲೆ, ನರ ಎದ್ದಿರುವ ಮುಖ ಒಳಗೆ. ತೇಪೆಯ ನರಗಳು ಸಿಗಾರಿನ ಮೇಲಿನ ನರಗಳ ದಿಕ್ಕಿನಲ್ಲೇ ಓಡಬೇಕು. ಅಡ್ಡ ಇಟ್ಟರೆ ಒಣಗುವಾಗ ಎರಡೂ ಬೇರೆ ಬೇರೆ ಕಡೆ ಎಳೆದು ಪಕ್ಕದಲ್ಲೇ ಹೊಸ ಸೀಳು ತರುತ್ತವೆ.

ಬಿರುಕಿನ ಅಂಚು ಸಾಮಾನ್ಯವಾಗಿ ಮೇಲಕ್ಕೆ ಸುರುಳಿ ಎದ್ದಿರುತ್ತದೆ. ಅದನ್ನು ಒಣಗಿದ್ದಾಗ ಒತ್ತಿದರೆ ಮುರಿಯುತ್ತದೆ. ಒದ್ದೆ ಬೆರಳಿನಿಂದ ಒಮ್ಮೆ ಸವರಿ, ಎರಡು ನಿಮಿಷ ಕಾದು, ಮೆತ್ತಗಾದ ಮೇಲೆ ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ತೆಗೆದು ಅಂಚಿನ ಅಡಿಗೆ ತೂರಿಸಿ. ಸಾಸಿವೆಯಷ್ಟು ಅಂಟು ಒಂದು ಸೆಂಟಿಮೀಟರ್‌ಗೆ ಸಾಕು. ಹೆಚ್ಚಾಗಿ ಹೊರಗೆ ಉಕ್ಕಿದರೆ ಅಲ್ಲಿ ಉರಿ ನಿಲ್ಲುತ್ತದೆ. ತೇಪೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಬೆರಳಲ್ಲಿ ನೀವಿ, ಬಟರ್ ಪೇಪರ್ ಸುತ್ತಿ 20 ನಿಮಿಷ ಬಿಡಿ. ದಾರ, ರಬ್ಬರ್ ಬ್ಯಾಂಡ್ ಹಾಕಬೇಡಿ, ಗುರುತು ಉಳಿಯುತ್ತದೆ. ಆಮೇಲೆ ಪೆಟ್ಟಿಗೆಗೆ ಹಾಕಿ ಮೂರು ದಿನ ಮುಟ್ಟದಿದ್ದರೆ ತೇಪೆ ಮೈಗೆ ಕೂಡುತ್ತದೆ.

ಟೋಪಿ ಬಿಚ್ಚಿಕೊಂಡಿದ್ದರೆ ಕೆಲಸ ಇದೇ, ಇನ್ನೂ ಸುಲಭ. ಆದರೆ ಅಲ್ಲಿನ ತಪ್ಪು ಬಹುಪಾಲು ಕತ್ತರಿಸುವುದರಲ್ಲಿ. ಮೊಂಡ ಬ್ಲೇಡ್, ಅಥವಾ ಆಳವಾದ ಕತ್ತರಿಕೆ. ತುದಿಯನ್ನು ತುಟಿಗಿಟ್ಟು ಅರ್ಧ ನಿಮಿಷ ತೇವ ಮಾಡಿ, 2 ಮಿಲಿಮೀಟರ್ ಮೀರದಂತೆ ಒಂದೇ ಪೆಟ್ಟಿಗೆ ಕತ್ತರಿಸಿ.

ಸೂಜಿ ಚುಚ್ಚಿದಂತೆ ದುಂಡಗಿನ ತೂತು, ಪಕ್ಕದಲ್ಲಿ ಸಣ್ಣ ಪುಡಿ ಕಂಡರೆ ಅದು ಬಿರುಕಲ್ಲ, ಹುಳ. ಆ ಸಿಗಾರ್ ತೆಗೆದು ಉಳಿದವನ್ನು ಎರಡು ಜಿಪ್ ಕವರಿನಲ್ಲಿ ಹಾಕಿ: ಒಂದು ದಿನ ಫ್ರಿಜ್, ಮೂರು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್, ಒಂದು ದಿನ ಕೋಣೆಯಲ್ಲಿ, ಆಮೇಲೆ ಕವರ್ ಬಿಚ್ಚಿ. ಫ್ರೀಜರಿನಿಂದ ನೇರ ಬಳ್ಳಾರಿ ಸೆಕೆಗೆ ತೆಗೆದರೆ ಹುಳ ಸತ್ತರೂ ಎಲೆ ಉಳಿಯುವುದಿಲ್ಲ.

ಪೂರ್ತಿ ಒಣಗಿದ ಸಿಗಾರಿಗೆ ತಾಳ್ಮೆ ಒಂದೇ ಔಷಧ. ಮೊದಲು ಶೇ 58ರ ಪ್ಯಾಕ್, ಆಮೇಲೆ 62, ಕೊನೆಗೆ 65. ಒಂದೊಂದಕ್ಕೂ ಎರಡು ವಾರ. ಹೊತ್ತು ಅಳೆಯುವುದಕ್ಕಿಂತ ತೂಕ ಅಳೆಯುವುದು ಖಾತ್ರಿ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮೂರು ದಿನ ತೂಕ ಏರದಿದ್ದರೆ ಮುಂದಿನ ಪ್ಯಾಕ್ ಹಾಕುತ್ತೇನೆ.

ಸೇದುವಾಗಲೇ ಬಿರಿದರೆ ಎಳೆಯುವ ವೇಗ ಇಳಿಸಿ. ನಿಮಿಷಕ್ಕೆ ಒಂದು ಸಾಕು. ಒಳಗಿನ ತೇವ ಹಬೆಯಾಗಿ ಎಲೆಯನ್ನು ತಳ್ಳುತ್ತಿರುತ್ತದೆ, ಬಿಸಿ ಹೆಚ್ಚಿದಷ್ಟೂ ಸೀಳು ಓಡುತ್ತದೆ. ಬೆರಳ ತುದಿ ಒದ್ದೆ ಮಾಡಿ ಸೀಳಿನ ಮುಂದಿನ ತುದಿಯನ್ನು ಸವರಿದರೆ ಅಲ್ಲಿಗೆ ನಿಲ್ಲುತ್ತದೆ. ಸಿಗಾರಿನ ಸುತ್ತ ಇರುವ ಹೆಸರಿನ ಕಾಗದದ ಪಟ್ಟಿಯನ್ನು ಮೊದಲೇ ಕೀಳಬೇಡಿ, ಅದರ ಅಂಟು ಕೆಲವೊಮ್ಮೆ ಎಲೆಗೂ ಹತ್ತಿರುತ್ತದೆ. ಉರಿ ಹತ್ತಿರ ಬಂದು ಬಿಸಿಯಾದ ಮೇಲೆ ತಾನೇ ಸಡಿಲವಾಗುತ್ತದೆ. ತೇಪೆ ಇರುವ ಕಡೆ ಎಲೆ ಎರಡು ಪದರವಾದ್ದರಿಂದ ಉರಿ ಅಲ್ಲಿ ಹಿಂದೆ ಬೀಳುತ್ತದೆ. ಬೆಂಕಿ ತೇಪೆಗೆ ಬೆರಳಗಲ ದೂರವಿರುವಾಗಲೇ ಸಿಗಾರನ್ನು ತಿರುಗಿಸಿ ತೇಪೆಯನ್ನು ಕೆಳಗೆ ಮಾಡುತ್ತೇನೆ. ಕೆಳಭಾಗ ಬೇಗ ಉರಿಯುವುದರಿಂದ ಎರಡೂ ಕಡೆ ಸಮ ಬರುತ್ತದೆ.